ಮೂರನೆಯ ಬಾಲ

ಫೆಬ್ರವರಿ ೯

ಎಡಗೈಯಲ್ಲಿ ಬರೆಯುತ್ತಿದ್ದೇನೆ. ಅಕ್ಷರಗಳು ಒಂದೊಂದೂ ಒಂದೊಂದು ದಿಕ್ಕಿಗೆ ಮುಖ ಮಾಡಿ ನಿಂತಿವೆ. ಯಾರೂ ಓದುವುದಿಲ್ಲವಾದ್ದರಿಂದ ನಾಚಿಕೆಯೇನಿಲ್ಲ.

ನಿನ್ನೆ ಸಂಶೋಧನಾ ಸಂಸ್ಥೆಯ ಮೆಟ್ಟಿಲ ಮೇಲೆ ಜಾರಿದೆ. ಕೈಯಲ್ಲಿ ಯೀಸ್ಟ್ ಬೆಳೆದ ತಟ್ಟೆಗಳಿದ್ದವು. ತಟ್ಟೆ ಉಳಿಯಿತು, ಬಲಗೈ ಮಣಿಕಟ್ಟು ಮುರಿಯಿತು. "ತಟ್ಟೆ ಬಿಟ್ಟಿದ್ರೆ ಕೈ ಉಳೀತಿತ್ತಲ್ಲಮ್ಮ?" ಎಂದರು ಮೂಳೆ ಡಾಕ್ಟರು. "ಕೈ ಕೂಡಿಕೊಳ್ಳುತ್ತೆ ಡಾಕ್ಟ್ರೇ, ಅವು ಕೂಡಿಕೊಳ್ಳಲ್ಲ" ಎಂದೆ. ಅವರಿಗೆ ನಗು ಬರಲಿಲ್ಲ. ಸಾಕು, ಕೈ ನೋಯುತ್ತಿದೆ, ಎಡಗೈಯೂ.

ಫೆಬ್ರವರಿ ೧೧

ತಮ್ಮನ ಮನೆಗೆ ಬಂದಿದ್ದೇನೆ. ಬಂದಿದ್ದೇನೆ ಅನ್ನುವುದಕ್ಕಿಂತ ತಂದು ಹಾಕಿದ್ದಾರೆ ಅನ್ನಬೇಕು. ತಮ್ಮ ತನ್ನ ಕನ್ನಡಕದ ಅಂಗಡಿಯಿಂದ ಸೀದಾ ನನ್ನ ಮನೆಗೆ ಬಂದ. "ಒಂದು ಕೈಲಿ ಪೇಸ್ಟಿನ ಮುಚ್ಚಳ ತೆಗೆದು ತೋರ್ಸಕ್ಕ, ನಿನ್ನ ಪಾಡಿಗೆ ನಿನ್ನ ಬಿಟ್ಟು ಹೋಗ್ತೀನಿ" ಎಂದ. ತೆಗೆಯಲಾಗಲಿಲ್ಲ. ನನ್ನ ಮನೆಗೆ ಬೀಗ ಹಾಕಿ, ಬೀಗದಕೈ ತನ್ನ ಜೇಬಿಗೆ ಇಳಿಸಿಕೊಂಡ.

ಅವನ ಹೆಂಡತಿ ನನ್ನ ತಲೆ ಬಾಚಿ ಜಡೆ ಹಾಕಿದಳು. ಅಂಗಿಯ ಗುಂಡಿ ಹಾಕಿದಳು. ಹಣ್ಣು ಹೆಚ್ಚಿ ಮುಂದಿಟ್ಟಳು. ಮನೆಯಲ್ಲೇ ಕೂತು ಫೋನಿನಲ್ಲಿ ಗಿರಾಕಿಗಳ ದೂರು ಕೇಳುವುದು ಅವಳ ಉದ್ಯೋಗ. ಬೆಳಗಿಂದ ಸಂಜೆವರೆಗೆ ಯಾರ್ಯಾರಿಂದಲೋ ಬೈಸಿಕೊಂಡು "ತೊಂದರೆಗೆ ಕ್ಷಮಿಸಿ" ಎನ್ನುವವಳಿಗೆ ನನ್ನ ಸಿಡುಕು ಯಾವ ಲೆಕ್ಕ? ಆದರೂ ಇದನ್ನೆಲ್ಲ ತೀರಿಸಬೇಕು. ಯಾರ ಹಂಗೂ ಇಲ್ಲದೆ ಐವತ್ತು ದಾಟಿದವಳು ನಾನು. ಅವಳು ಕೂರುವ ಕುರ್ಚಿಯ ಒಂದು ಕಾಲು ಕುಂಟುತ್ತದೆ. ಒಳ್ಳೆಯ ಕುರ್ಚಿಯೊಂದನ್ನು ತಂದುಕೊಟ್ಟರೆ ಸರಿಸಮವಾಗುತ್ತದೆ.

ಫೆಬ್ರವರಿ ೧೫

ನಿರ್ದೇಶಕರು ಫೋನ್ ಮಾಡಿದ್ದರು. ಮೊದಲು ಕೈ ಬಗ್ಗೆ ವಿಚಾರಿಸಿದರು. ಆಮೇಲೆ ಗಂಟಲು ಸರಿಮಾಡಿಕೊಂಡರು. ಅವರು ಗಂಟಲು ಸರಿಮಾಡಿಕೊಂಡರೆ ಕೆಟ್ಟ ಸುದ್ದಿ ಎಂದೇ ಅರ್ಥ.

"ಏಪ್ರಿಲ್ ಕೊನೇಲಿ ಪರಿಶೀಲನಾ ಸಮಿತಿ ಬರುತ್ತೆ. ವಿಷದಲ್ಲಿ ಬದುಕೋ ಯೀಸ್ಟ್ ಒಂದು ತಟ್ಟೇಲಾದ್ರೂ ತೋರಿಸಬೇಕು ಮೇಡಂ. ಇಲ್ಲಾಂದ್ರೆ ನಿಮ್ಮ ಕೋಣೆ ಬೇರೆಯವ್ರಿಗೆ ಹೋಗುತ್ತೆ. ನಿಮ್ಮನ್ನ ಪಾಠದ ವಿಭಾಗಕ್ಕೆ ಹಾಕ್ತಾರೆ. ನಿಮ್ಮ ಸಹಾಯಕಿ ನೇಮಕಾನೂ ಅಲ್ಲಿಗೆ ಮುಗೀತು."

ಪಾಠದ ವಿಭಾಗ ಎಂದರೆ ಪ್ರತಿ ವರ್ಷ ಅದೇ ಪ್ರಯೋಗವನ್ನು ಹೊಸ ಮಕ್ಕಳಿಗೆ ಮಾಡಿ ತೋರಿಸುವುದು. ನಮ್ಮಲ್ಲಿ ಅದಕ್ಕೆ ಎಲ್ಲರೂ ಪಿಂಜರಾಪೋಲು, ಮುದಿ ದನ ಸಾಕುವ ಜಾಗ, ಅನ್ನುತ್ತಾರೆ. ಆ ಹೆಸರಿಟ್ಟವಳು ನಾನೇ.

"ಏನಕ್ಕ ಅದು, ಯೀಸ್ಟಿಗೆ ವಿಷ ಹಾಕೋದು? ಪಾಪ ಅಲ್ವಾ?" ಎಂದು ತಮ್ಮನ ಹೆಂಡತಿ ಕೇಳಿದಳು. ಅವಳಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತೇನೆ, ಅಕ್ಷರ ಪಳಗಲಿ. ಬ್ರೆಡ್ಡು ಉಬ್ಬಿಸುವ ಯೀಸ್ಟ್ ಬಡಪಾಯಿ ಜೀವಿ. ಬ್ಯಾಟರಿ ಕಾರ್ಖಾನೆಯ ನೀರಿನಲ್ಲಿರುವ ಕ್ಯಾಡ್ಮಿಯಂ ಎಂಬ ಲೋಹ ಒಂದಿಷ್ಟು ಒಳಹೊಕ್ಕರೆ ಸತ್ತೇಹೋಗುತ್ತದೆ. ಕೆಲವು ಬ್ಯಾಕ್ಟೀರಿಯಾಗಳು ಹಾಗಲ್ಲ. ಅವುಗಳ ಮೈಪೊರೆಯಲ್ಲಿ ಲೋಹ ಸಾಗಿಸುವ ಪ್ರೋಟೀನು ಇರುತ್ತದೆ. ನಾವು ಅದನ್ನು ಪಂಪು ಅನ್ನುತ್ತೇವೆ. ಬಂದ ಲೋಹವನ್ನೆಲ್ಲ ಅದು ಹೊರಗೆ ಎತ್ತಿ ಹಾಕುತ್ತಿರುತ್ತದೆ. ಆ ಪಂಪಿನ ಜೀನನ್ನು ಯೀಸ್ಟಿಗೆ ಸೇರಿಸಿ, ಯೀಸ್ಟಿನ ಹೊರಪೊರೆಯಲ್ಲಿ ಪಂಪು ಕೂರುವ ಹಾಗೆ ಮಾಡುವುದು ನನ್ನ ಕೆಲಸ. ಹೊಸ ಊರಿಗೆ ಬಂದ ಪಂಪಿಗೆ ಎಲ್ಲಿ ಕೂರಬೇಕೆಂದು ಗೊತ್ತಿರುವುದಿಲ್ಲ. ಅದಕ್ಕೆ ವಿಳಾಸದ ಹಾಗೆ ಒಂದು ಚೂರು ಪ್ರೋಟೀನನ್ನು ಅಂಟಿಸುತ್ತೇವೆ. ಅದಕ್ಕೆ ಬಾಲ ಎನ್ನುತ್ತೇವೆ.

"ಆಮೇಲೆ?" ಎಂದಳು.

"ಆಮೇಲೆ ಏನಿಲ್ಲ. ವರ್ಷಗಳಿಂದ ಸಾಯ್ತಾನೇ ಇವೆ."

ಅವಳು ನಗದೆ, "ತೊಂದರೆಗೆ ಕ್ಷಮಿಸಿ" ಎಂದಳು. ನಾನೇ ನಕ್ಕುಬಿಟ್ಟೆ.

ಫೆಬ್ರವರಿ ೧೮

ಕೆಲಸಕ್ಕೆ ಹೋದೆ. ಬ್ಯಾಂಡೇಜಿನ ಮೇಲೆ ಗಟ್ಟಿ ಪ್ಲಾಸ್ಟರು, ಕುತ್ತಿಗೆಗೆ ಜೋಳಿಗೆ. ನನ್ನ ಬೆಂಚಿನಲ್ಲಿ ಗಡಿಬಿಡಿ ಕೂತಿದ್ದಳು.

ಗಡಿಬಿಡಿ ಎಂದರೆ ನನ್ನ ಸಹಾಯಕಿ. ಹೋದ ವರ್ಷ ತಾತ್ಕಾಲಿಕವಾಗಿ ಸೇರಿದವಳು. ಅವಳು ನಡೆದದ್ದನ್ನು ನಾನು ನೋಡಿಲ್ಲ, ಓಡುವುದೇ. ಬಂದ ತಿಂಗಳೇ ಬೀಕರು ಒಡೆದಳು. ಅಂದಿನಿಂದ ಅವಳಿಗೆ ಲೇಬಲ್ ಅಂಟಿಸುವ ಕೆಲಸ, ದ್ರಾವಣ ಕಾಯಿಸುವ ಕೆಲಸ ಬಿಟ್ಟು ಬೇರೇನೂ ಕೊಟ್ಟಿಲ್ಲ. ಈಗ ನನ್ನ ಯೀಸ್ಟಿನ ಗತಿ ಅವಳ ಬೆರಳಲ್ಲಿದೆ.

ನಮ್ಮ ಕೋಣೆಗೊಂದು ನಿಯಮ ಮಾಡಿದ್ದೇನೆ: ಓದಿ ಹಾಕು. ಯಾವ ನಳಿಕೆಯಿಂದ ಏನು ಹಾಕುವುದಿದ್ದರೂ ಹಾಕುವವರು ಅದರ ಮೇಲಿನ ಹೆಸರನ್ನು ಗಟ್ಟಿಯಾಗಿ ಓದಬೇಕು. ಪಕ್ಕದಲ್ಲಿರುವವರು ಕಣ್ಣಾರೆ ನೋಡಿ "ಹಾಕು" ಎನ್ನಬೇಕು. ಒಬ್ಬಳೇ ಇದ್ದಾಗ ನಾನೇ ಓದಿ ನಾನೇ ಹಾಕು ಎನ್ನುತ್ತಿದ್ದೆ. ಪಕ್ಕದ ಕೋಣೆಯವರು ಇದಕ್ಕೆ ಮದುವೆ ಮಂತ್ರ ಎಂದು ಗೇಲಿ ಮಾಡುತ್ತಾರೆ. ಮಾಡಿಕೊಳ್ಳಲಿ.

ಇವತ್ತು ಅವಳಿಗೆ ಬರೀ ನೀರು ಕೊಟ್ಟು ಹನಿ ಹಾಕುವುದನ್ನು ಅಭ್ಯಾಸ ಮಾಡಿಸಿದೆ. ಸಂಜೆ ಹೊತ್ತಿಗೆ ಇಬ್ಬರಿಗೂ ತಲೆನೋವು. ಬಸ್ ನಿಲ್ದಾಣದವರೆಗೆ ನನ್ನ ಚೀಲ ಹೊತ್ತು ತಂದಳು. ಬೇಡ ಎಂದರೂ ಬಿಡಲಿಲ್ಲ. ಇದೂ ಲೆಕ್ಕಕ್ಕೆ ಸೇರಿತು.

ಫೆಬ್ರವರಿ ೨೬

ಸತ್ತವು. ಕೈ ಮುರಿದುಕೊಂಡು ಉಳಿಸಿದ್ದೆನಲ್ಲ, ಅದೇ ತಟ್ಟೆಯವು. ಕ್ಯಾಡ್ಮಿಯಂ ಇರುವ ತಟ್ಟೆಗೆ ದಾಟಿಸಿದ ಮೇಲೆ ಒಂದೂ ಮೇಲೇಳಲಿಲ್ಲ.

ಊಟ ಬೇಡವೆಂದು ಮಲಗಿದ್ದೆ. ತಮ್ಮನ ಹೆಂಡತಿ ಬಿಸಿ ಹಾಲು ತಂದಿಟ್ಟು ಹೋದಳು. ಏನಾಯಿತೆಂದು ಕೇಳಲಿಲ್ಲ. ಕೇಳದೆ ಇದ್ದದ್ದಕ್ಕೆ ಅವಳ ಕಾಲಿಗೆ ಬೀಳಬೇಕು ಅನ್ನಿಸಿತು.

ಮಾರ್ಚ್ ೩

ಹೊಸದಾಗಿ ಶುರು. ಪಂಪು ಅದೇ, ಬಾಲ ಅದೇ ಒಂದನೆಯದು, ಜೀನನ್ನು ಚಾಲೂ ಮಾಡುವ ಗುಂಡಿ ಮಾತ್ರ ಜೋರಿನದು. ಪಂಪುಗಳ ಸಂಖ್ಯೆ ಹೆಚ್ಚಾದರೆ ನಾಲ್ಕಾದರೂ ಹೊರಪೊರೆ ತಲುಪಿಯಾವು ಎಂಬ ಆಸೆ. ಇದು ಕೊನೆಯ ಸಲ. ಸಮಿತಿ ಬರುವಷ್ಟರಲ್ಲಿ ಇನ್ನೊಂದಕ್ಕೆ ಹೊತ್ತಿಲ್ಲ.

ಬೆಳಗಿನಿಂದ ಪ್ಲಾಸ್ಟರಿನೊಳಗೆ ತುರಿಕೆ. ಅಂಥ ತುರಿಕೆ ಶತ್ರುವಿಗೂ ಬೇಡ. ಗಡಿಬಿಡಿ ನಳಿಕೆ ಹಿಡಿದು ಓದುತ್ತಿದ್ದಾಳೆ, ನಾನು ಗಾಜಿನ ಕಡ್ಡಿಯೊಂದನ್ನು ಪ್ಲಾಸ್ಟರಿನ ಸಂದಿಗೆ ತೂರಿಸಿ ಕೆರೆದುಕೊಳ್ಳುತ್ತಿದ್ದೇನೆ. ಕಡ್ಡಿ ಸರಿಯಾದ ಜಾಗ ಮುಟ್ಟಿದಾಗ ಸ್ವರ್ಗ ಕಂಡಿತು. ಅವಳು ಒಂದು ಸಲ ಕೈ ತಡೆದು, ಏನೋ ಕೇಳಿದಳು. "ಹಾಕು ಅಂದ್ನಲ್ಲಮ್ಮ, ಎಷ್ಟು ಸಲ ಹೇಳ್ಲಿ" ಎಂದು ರೇಗಿದೆ. ಹಾಕಿದಳು. ಎಲ್ಲ ಮುಗಿದ ಮೇಲೆ ನನಗೊಂದು ತೆಳ್ಳಗಿನ ಮರದ ಪಟ್ಟಿ ತಂದುಕೊಟ್ಟಳು. "ಗಾಜು ಮುರಿದ್ರೆ ಒಳಗೇ ಉಳಿಯುತ್ತೆ ಮೇಡಂ, ಇದ್ರಲ್ಲಿ ಕೆರ್ಕೊಳ್ಳಿ" ಎಂದಳು. ಒಳ್ಳೆಯ ಹುಡುಗಿಯೇ. ಗಡಿಬಿಡಿ ಒಂದು ಕಮ್ಮಿಯಾದರೆ ಸಾಕು.

ಮಾರ್ಚ್ ೧೨

ಹೊಸ ಯೀಸ್ಟ್ ಬೆಳೆದಿದೆ. ಸಾಸಿವೆ ಗಾತ್ರದ ಬಿಳಿ ಚುಕ್ಕೆಗಳು. ಸಾದಾ ತಟ್ಟೆಯಲ್ಲಿ ಎಲ್ಲವೂ ಬದುಕುತ್ತವೆ, ಅದರಲ್ಲಿ ಹೆಚ್ಚುಗಾರಿಕೆಯೇನಿಲ್ಲ.

ಮಾರ್ಚ್ ೧೭

ಇವತ್ತು ಪರೀಕ್ಷೆಯ ಹನಿ ಹಾಕಿದ್ದು. ಒಂದು ಸಾಲಿನಲ್ಲಿ ಯೀಸ್ಟ್ ದಟ್ಟವಾಗಿರುವ ಹನಿಯಿಂದ ಹಿಡಿದು ತೀರಾ ತೆಳುವಾದ ಹನಿಯವರೆಗೆ. ಮೇಲಿನ ಸಾಲು ಪಂಪಿಲ್ಲದ ಸಾದಾ ಯೀಸ್ಟ್, ಕೆಳಗಿನದು ನಮ್ಮದು. ತಟ್ಟೆಯ ತುಂಬ ಕ್ಯಾಡ್ಮಿಯಂ.

ಹುಡುಗಿಯ ಕೈ ನೋಡುತ್ತ ಕೂತಿದ್ದೆ. ಹನಿ ಬಿಡುವ ಹೊತ್ತಿಗೆ ಅವಳ ಉಸಿರು ನಿಲ್ಲುತ್ತದೆ, ಮೈಯ ಓಟವೆಲ್ಲ ನಿಲ್ಲುತ್ತದೆ. ಹನಿಗಳು ಒಂದಕ್ಕೊಂದು ತಾಗದೆ ನೇರ ಸಾಲಿನಲ್ಲಿ ಕೂತವು. ನನ್ನ ಕೈಯಲ್ಲಿ ಇಷ್ಟು ಚೆನ್ನಾಗಿ ಬರುತ್ತಿತ್ತೇ? ಬರುತ್ತಿತ್ತು ಎಂದು ಬರೆಯಲು ಹೊರಟೆ. ಇಲ್ಲ, ಕೊನೆಯ ಹನಿ ಯಾವಾಗಲೂ ಸ್ವಲ್ಪ ಸೊಟ್ಟಗಾಗುತ್ತಿತ್ತು.

"ಪರವಾಗಿಲ್ಲ" ಎಂದೆ. ಅವಳು ಪದಕ ಬಂದವರ ಹಾಗೆ ಕೆಂಪಾದಳು. ವರ್ಷವಿಡೀ ಇವಳಿಗೆ ಒಂದು ಒಳ್ಳೆಯ ಮಾತು ಆಡಿರಲಿಲ್ಲವೇ ನಾನು?

ಮಾರ್ಚ್ ೨೦

ಬದುಕಿವೆ.

ಮಾರ್ಚ್ ೨೧

ನಿನ್ನೆ ಒಂದೇ ಪದ ಬರೆದು ಮಲಗಿದೆ, ನಿದ್ದೆ ಬರಲಿಲ್ಲ. ಮೇಲಿನ ಸಾಲು ಪೂರ್ತಿ ಬೋಳು. ಕೆಳಗಿನ ಸಾಲಿನಲ್ಲಿ ಕೊನೆಯ ಹನಿಯವರೆಗೂ ಬೆಳೆದು ನಿಂತಿದೆ. ಹುಡುಗಿ ಕುಣಿದಾಡಿದಳು. ನಾನು ಅವಳ ಕುಣಿತ ನಿಲ್ಲಿಸಿ, ಹನಿಯ ಪರೀಕ್ಷೆಯನ್ನು ಇನ್ನೊಂದು ಸಲ ಮೊದಲಿನಿಂದ ಮಾಡಿಸಿದೆ. ಇಷ್ಟು ವರ್ಷ ಸತ್ತದ್ದು ಒಮ್ಮೆಲೇ ಬದುಕಿದರೆ ನಂಬುವುದು ಹೇಗೆ? ಪಾಪ, ತಕರಾರಿಲ್ಲದೆ ಎಲ್ಲ ಮತ್ತೆ ಮಾಡಿದಳು.

ಮನೆಗೆ ಬಂದಾಗ ತಮ್ಮನ ಹೆಂಡತಿ ಮುಖ ನೋಡಿಯೇ, "ಸತ್ತಿಲ್ಲ ಅಲ್ವಾ ಅಕ್ಕ?" ಎಂದಳು. ಹೇಳಬಾರದು ಎಂದುಕೊಂಡಿದ್ದೆ. ಎಲ್ಲ ಹೇಳಿಬಿಟ್ಟೆ. ಅವಳು ಫೋನಿನಲ್ಲಿ ಯಾರನ್ನೋ ಕಾಯಿಸಿ ನನ್ನ ಮಾತು ಕೇಳುತ್ತಿದ್ದಳು ಎಂದು ಆಮೇಲೆ ಗೊತ್ತಾಯಿತು. ಆ ಗಿರಾಕಿಗೆ ಅವಳ ಪರವಾಗಿ ನಾನು ಕ್ಷಮೆ ಕೇಳಬೇಕಾಗಿತ್ತು.

ಮಾರ್ಚ್ ೨೪

ಮತ್ತೆ ಬದುಕಿವೆ. ಅದೇ ಸಾಲು, ಅದೇ ಬೋಳು. ದೇವರೇ.

ಮಾರ್ಚ್ ೨೭

ಇವತ್ತಿನದನ್ನು ವಿವರವಾಗಿ ಬರೆಯಬೇಕು. ಎಡಗೈಯೂ ಈಗ ಮಾತು ಕೇಳುತ್ತದೆ.

ನಮ್ಮ ಪಂಪಿಗೆ ಹಸಿರಾಗಿ ಹೊಳೆಯುವ ಒಂದು ಗುರುತು ಹಚ್ಚಿರುತ್ತೇವೆ, ಯೀಸ್ಟಿನಲ್ಲಿ ಅದು ಎಲ್ಲಿ ಕೂತಿದೆ ಎಂದು ಕಾಣಲು. ಸೂಕ್ಷ್ಮದರ್ಶಕದ ಕೆಳಗೆ ಇಟ್ಟೆವು. ಹೊರಗಿನ ಅಂಚಿನಲ್ಲಿ ಹಸಿರು ಬಳೆ ಕಾಣಬೇಕಿತ್ತು. ಕಂಡದ್ದು ಒಳಗಡೆ! ಯೀಸ್ಟಿನ ಹೊಟ್ಟೆಯಲ್ಲಿ ರಸದಾನಿ ಎಂಬ ಚೀಲವಿರುತ್ತದೆ, ಜೀವಕೋಶದ ಉಗ್ರಾಣ. ಹಸಿರು ಬಳೆ ಅದರ ಸುತ್ತ ಇತ್ತು. ಪಂಪು ಲೋಹವನ್ನು ಹೊರಗೆ ಹಾಕುತ್ತಿಲ್ಲ. ಎತ್ತಿ ಉಗ್ರಾಣದಲ್ಲಿಟ್ಟು ಬಾಗಿಲು ಹಾಕುತ್ತಿದೆ.

ಆ ವಿಳಾಸ ಬರೆದಿರುವುದು ಮೂರನೆಯ ಬಾಲದಲ್ಲಿ. ನಾವು ಹಾಕಬೇಕಿದ್ದದ್ದು ಒಂದನೆಯದು. ಮೂರನೆಯದನ್ನು ನಾನು ಹಿಂದೆ ಯಾವಾಗಲೋ ಹೋಲಿಕೆಗೆ ಇರಲೆಂದು ಮಾಡಿ ಮೂಲೆಗೆ ತಳ್ಳಿದ್ದೆ. ವಿಷವನ್ನು ಮನೆಯೊಳಗೇ ಇಟ್ಟುಕೊಂಡು ಬದುಕುವುದು ಒಂದು ಬದುಕೇ ಎಂಬುದು ನನ್ನ ವಾದವಾಗಿತ್ತು. ಅದನ್ನು ಪಂಪಿಗೆ ಅಂಟಿಸಿ ನೋಡಿಯೇ ಇರಲಿಲ್ಲ.

ಬಾಯಿಗೆ ಬಂದಂತೆ ಬೈದೆ. "ಓದಿ ಹಾಕು ಅನ್ನೋದು ಯಾತಕ್ಕೆ ಇರೋದು? ಅವಸರ, ಬರೀ ಅವಸರ! ಕಣ್ಣು ಎಲ್ಲಿತ್ತು ನಿನಗೆ?"

ಹುಡುಗಿ ಅಳಲಿಲ್ಲ. ಮೆಲ್ಲಗೆ ಹೇಳಿದಳು: "ನಾನು ಓದಿದ್ದೆ ಮೇಡಂ. ಮೂರು ಅಂತ್ಲೇ ಓದ್ದೆ. ಒಂದನೇದು ಆ ಪೆಟ್ಟಿಗೇಲಿ ಇರ್ಲಿಲ್ಲ, ಅದಕ್ಕೇ ಮೂರಾ ಮೇಡಂ ಅಂತ ಇನ್ನೊಂದು ಸಲ ಕೇಳ್ದೆ. ಹಾಕು ಅಂದ್ನಲ್ಲ ಅಂದ್ರಿ."

ಗಾಜಿನ ಕಡ್ಡಿ ನೆನಪಾಯಿತು. ಸ್ವರ್ಗ ಕಂಡದ್ದು ನೆನಪಾಯಿತು. ನಾನು ನಳಿಕೆಯ ಕಡೆ ನೋಡಿಯೇ ಇರಲಿಲ್ಲ.

"ಮತ್ತೆ ಇಷ್ಟು ಹೊತ್ತು ಯಾಕೆ ಬೈಸ್ಕೊಂಡೆ?"

"ನಿಮಗೆ ಕೈ ನೋವು ಇತ್ತಲ್ಲ ಮೇಡಂ. ಬೈದ್ರೆ ಸ್ವಲ್ಪ ಕಮ್ಮಿ ಆಗುತ್ತೇನೋ ಅಂತ."

ಮೊದಲು ನಗು ಬಂತು. ಆಮೇಲೆ ನಗು ಎಲ್ಲಿ ಮುಗಿಯಿತು, ಅಳು ಎಲ್ಲಿ ಹತ್ತಿತು ತಿಳಿಯಲಿಲ್ಲ. ಅವಳು ಗಾಬರಿಯಾಗಿ ನೀರು ತರಲು ಓಡಿದಳು. ಓಡುವಾಗ ಸ್ಟೂಲು ಬೀಳಿಸಿದಳು.

ನೆಟ್ಟಗಿರುವ ಕೈ ಇದ್ದಿದ್ದರೆ ಮೂರನೆಯ ನಳಿಕೆಯನ್ನು ಅಲ್ಲೇ ಕಸಿದು ವಾಪಸ್ಸಿಡುತ್ತಿದ್ದೆ. ಸಮಿತಿ ಬರುವ ದಿನವೂ ಬೋಳು ತಟ್ಟೆ ಹಿಡಿದು ನಿಂತಿರುತ್ತಿದ್ದೆ. ಯಾರಿಗೆ ಕೃತಜ್ಞತೆ ಹೇಳಲಿ? ಜಾರಿದ ಮೆಟ್ಟಿಲಿಗೆ, ತುರಿಕೆಗೆ, ಕೇಳಿದ್ದನ್ನೇ ಎರಡನೇ ಸಲ ಕೇಳಿದ ಈ ಹುಡುಗಿಗೆ.

ಮಾರ್ಚ್ ೩೦

ಪ್ಲಾಸ್ಟರು ತೆಗೆದರು. ಒಳಗಿನ ಕೈ ಬೇರೆ ಯಾರದೋ ಹಾಗಿದೆ, ಸಣ್ಣದಾಗಿ, ಬೆಳ್ಳಗೆ. ಹೆಬ್ಬೆರಳಿಗೂ ತೋರುಬೆರಳಿಗೂ ಮಾತು ಬಿಟ್ಟಿದೆ. ಎದುರುಬದುರಾಗುತ್ತವೆ, ಹಿಡಿಯುವುದಿಲ್ಲ. ವ್ಯಾಯಾಮ ಮಾಡಿದರೆ ಸರಿಹೋಗಬಹುದು ಎಂದರು ಡಾಕ್ಟರು. ಬಹುದು ಎಂಬುದನ್ನು ಅವರು ಮೆತ್ತಗೆ ಹೇಳಿದರು.

ಏಪ್ರಿಲ್ ೫

ದಿನಾ ಸಂಜೆ ತಮ್ಮ ಅಂಗಡಿಯಿಂದ ಕನ್ನಡಕದ ಚಿಕ್ಕ ಚಿಕ್ಕ ತಿರುಪುಗಳನ್ನು ತಂದು ಮೇಜಿನ ಮೇಲೆ ಹರಡುತ್ತಾನೆ. ನಾನು ಹೆಕ್ಕಬೇಕು. ಹೆಕ್ಕಲಾಗದೆ ಉದುರಿದ್ದನ್ನು ಅವನೂ ಅವನ ಹೆಂಡತಿಯೂ ಮೇಜಿನ ಕೆಳಗೆ ತೂರಿ ಹುಡುಕುತ್ತಾರೆ. ನಿನ್ನೆ ಇಬ್ಬರ ತಲೆಯೂ ಢೀ ಹೊಡೆದವು. ಚಿಕ್ಕಂದಿನಲ್ಲಿ ಇವನಿಗೆ ಕೋಪ ಬಂದರೆ ನನ್ನ ಚಪ್ಪಲಿ ಅಡಗಿಸುತ್ತಿದ್ದ. ಈಗ ಮಂಡಿಯೂರಿ ನನ್ನ ತಿರುಪು ಹುಡುಕುತ್ತಿದ್ದಾನೆ. ನೋಡುತ್ತ ಎದೆ ತುಂಬಿ ಬಂತು. "ಏನಕ್ಕ ಹಾಗೆ ನೋಡ್ತಿದ್ದೀಯ, ಹುಡುಕು" ಎಂದ.

ಈಗ ಗುಂಡಿ ನಾನೇ ಹಾಕಿಕೊಳ್ಳಬಲ್ಲೆ. ಜಡೆ ಮಾತ್ರ ಅವಳೇ ಹಾಕಿದರೆ ಚೆನ್ನ.

ಏಪ್ರಿಲ್ ೧೩

ಯಂತ್ರದ ಕೋಣೆಯಿಂದ ಫಲಿತಾಂಶ ಬಂತು. ನಮ್ಮ ಯೀಸ್ಟನ್ನು ಕ್ಯಾಡ್ಮಿಯಂ ಬೆರೆಸಿದ ನೀರಿನಲ್ಲಿ ಬಿಟ್ಟು, ಆಮೇಲೆ ಯೀಸ್ಟನ್ನು ಬೇರ್ಪಡಿಸಿ ನೀರನ್ನಷ್ಟೇ ಅಳೆಸಿದ್ದೆವು. ಅರ್ಧಕ್ಕಿಂತ ಹೆಚ್ಚು ಲೋಹ ನೀರಿನಿಂದ ಮಾಯ. ಎಲ್ಲ ಯೀಸ್ಟಿನ ಉಗ್ರಾಣದಲ್ಲಿದೆ. ನಾನು ಅಂದುಕೊಂಡಂತೆ ಹೊರಗೆ ಹಾಕುವ ಯೀಸ್ಟ್ ಆಗಿದ್ದಿದ್ದರೆ ತಾನು ಬದುಕುತ್ತಿತ್ತು ನಿಜ, ನೀರು ಕೊಳಕಾಗಿಯೇ ಉಳಿಯುತ್ತಿತ್ತು. ಇಷ್ಟು ವರ್ಷ ಇದು ಹೊಳೆದಿರಲಿಲ್ಲ ಎಂದರೆ, ಹೊಳೆದಿರಲಿಲ್ಲ ಅಷ್ಟೇ.

ಹೊಸ ತಳಿಗೆ ಹೆಸರಿಡಬೇಕಿತ್ತು. ಮಾಡಿದವರು ಇಡುವುದು ಪದ್ಧತಿ. "ನೀನೇ ಇಡು" ಎಂದೆ. ಹುಡುಗಿ ತುಂಬಾ ಯೋಚಿಸಿ, ನಳಿಕೆಯ ಮೇಲೆ ಬರೆದು ತೋರಿಸಿದಳು: ತುರಿಕೆ-೧. ನಿರ್ದೇಶಕರು ಬಂದು ನೋಡಿ, "ಇದೇನಿದು?" ಎಂದರು. "ತಾಂತ್ರಿಕ ಪದ ಸರ್" ಎಂದೆವು ಇಬ್ಬರೂ.

ಏಪ್ರಿಲ್ ೧೯

ಡಾಕ್ಟರು ಇವತ್ತು ಮೆತ್ತಗೆ ಹೇಳಲಿಲ್ಲ. ನರಕ್ಕೆ ಪೆಟ್ಟಾಗಿದೆ. ಬರೆಯಬಹುದು, ಚಮಚ ಹಿಡಿಯಬಹುದು, ಬಾಗಿಲು ತೆಗೆಯಬಹುದು. ಹನಿ ಅಳೆದು ಹಾಕುವಂಥ ನಾಜೂಕು ಕೆಲಸಕ್ಕೆ ಈ ಕೈ ಬರುವುದಿಲ್ಲ.

ತಮ್ಮ ಹೊರಗೆ ಕಾಯುತ್ತಿದ್ದ. ಹೇಳಿದೆ. ಬಸ್ಸಿನಲ್ಲಿ ಆ ಕೈಯನ್ನು ತನ್ನ ಕೈಯಲ್ಲಿಟ್ಟುಕೊಂಡು ಕೂತ. ನಾನು ಬಹಳ ಅತ್ತೆ ಎಂದು ಬರೆಯಬೇಕು, ಅತ್ತದ್ದು ನಿಜ. ಆದರೆ ಅಳುತ್ತಲೇ, ಸಮಿತಿಗೆಂದು ನಾಳೆ ತಟ್ಟೆಗಳನ್ನು ಹೊಸದಾಗಿ ಮಾಡಬೇಕು, ಹುಡುಗಿ ಬೇಗ ಬರುತ್ತೇನೆಂದಿದ್ದಾಳೆ ಎಂದೂ ಯೋಚಿಸುತ್ತಿದ್ದೆ.

ಏಪ್ರಿಲ್ ೨೪

ಸಮಿತಿ ಬಂತು, ನೋಡಿತು, ಹೋಯಿತು. ಈಗ ಸಮಾಧಾನವಾಗಿ ಬರೆಯುತ್ತೇನೆ.

ಮೂವರು ಬಂದಿದ್ದರು. ತಟ್ಟೆಯನ್ನು ಒಬ್ಬರಿಂದೊಬ್ಬರು ಕೈಗೆ ತೆಗೆದುಕೊಂಡು, ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು. ಬೋಳು ಸಾಲು, ತುಂಬಿದ ಸಾಲು. ನೀರಿನ ಅಳತೆ ನೋಡಿದರು. ಅವರಲ್ಲಿ ಹಿರಿಯರು ಕೇಳಿದರು: "ಒಳಗೆ ಇಟ್ಟುಕೊಳ್ಳೋ ಹಾಗೆ ಮಾಡಬೇಕು ಅಂತ ಮೊದಲೇ ಯೋಜನೆ ಇತ್ತೇ?"

ಹುಡುಗಿ ನನಗಿಂತ ಮುಂಚೆ ಬಾಯಿ ತೆರೆದಳು. "ಮೇಡಂ ಅವರ ಯೋಚನೆ ಸರ್."

"ಅಲ್ಲ ಸರ್" ಎಂದೆ. "ಯೋಜನೆ ಬೇರೆ ಇತ್ತು. ತಪ್ಪು ನಳಿಕೆ ಬಂತು. ಇವಳು ಎರಡು ಸಲ ಓದಿ ಕೇಳಿದ್ಳು. ನಾನು ನೋಡದೆ ಹಾಕು ಅಂದೆ, ಕೈ ಕೆರ್ಕೊಳ್ತಿದ್ದೆ." ಹಿರಿಯರು ಎಷ್ಟು ನಕ್ಕರೆಂದರೆ ಕನ್ನಡಕ ತೆಗೆದು ಒರೆಸಿಕೊಂಡರು.

ಅವರು ಹೋದ ಮೇಲೆ ನಿರ್ದೇಶಕರು ನನ್ನನ್ನು ಒಳಗೆ ಕರೆದು, ಗಂಟಲು ಸರಿಮಾಡಿಕೊಂಡರು. ಕೋಣೆ ಉಳಿಯಿತು. ಕೆಲಸ ಇನ್ನೆರಡು ವರ್ಷ ನಡೆಯಬಹುದು. ಆದರೆ ಬೆಂಚಿಗೆ ಒಬ್ಬರಿಗೆ ಮಾತ್ರ ಒಪ್ಪಿಗೆ. "ನೀವು ಇಲ್ಲೇ ಇದ್ರೆ ಆ ಹುಡುಗಿ ನೇಮಕ ಈ ತಿಂಗಳಿಗೆ ಮುಗಿಯುತ್ತೆ. ಅವಳನ್ನ ಇಟ್ಟುಕೊಂಡ್ರೆ ನೀವು ಪಾಠದ ವಿಭಾಗಕ್ಕೆ. ನೀವು ಹಿರಿಯರು, ತೀರ್ಮಾನ ನಿಮ್ದೇ. ಯೋಚ್ನೆ ಮಾಡಿ ಸೋಮವಾರ ಹೇಳಿ."

"ಅವಳು" ಎಂದೆ.

"ಸೋಮವಾರ ಹೇಳಿದ್ರೂ ಆಗುತ್ತೆ ಮೇಡಂ."

"ಸೋಮವಾರಾನೂ ಅವಳೇ ಸರ್."

ಇಷ್ಟು ಸುಲಭವಾಗಿ ಬಾಯಿಗೆ ಬಂತಲ್ಲ ಎಂದು ನನಗೇ ಆಶ್ಚರ್ಯ. ಹೊರಗೆ ಬಂದು ಹೇಳಿದಾಗ ಹುಡುಗಿ ಸಿಟ್ಟಾದಳು. ಇಷ್ಟು ದಿನದಲ್ಲಿ ಮೊದಲ ಸಲ ನನ್ನ ಮೇಲೆ ದನಿ ಏರಿಸಿದಳು.

"ನನ್ನ ಒಂದು ಮಾತು ಕೇಳ್ಬೇಕು ಅನ್ನಿಸ್ಲಿಲ್ವಾ ನಿಮಗೆ? ನಿಮ್ಮ ಜಾಗ ನನಗೆ ಬೇಡ. ನಿಮ್ಮ ಜೀವಮಾನದ ಕೆಲ್ಸ ಅದು!"

"ಜಾಗ ನಿನಗೆ ದಾನ ಮಾಡ್ತಿಲ್ಲ ಕಣೇ" ಎಂದೆ. "ಯೀಸ್ಟಿಗೆ ಎರಡು ಕೈ ಬೇಕು. ನನ್ನ ಹತ್ರ ಈಗ ಒಂದೇ ಇರೋದು."

ಆಗ ಅತ್ತಳು. ಎಷ್ಟು ಬೈದರೂ ಅಳದವಳು ಓಣಿಯಲ್ಲಿ ನಿಂತು, ಕೈಗವಸು ಹಾಕಿದ ಕೈಯನ್ನು ಮುಖಕ್ಕೆ ತಾಗಿಸಬಾರದೆಂದು ದೂರ ಹಿಡಿದುಕೊಂಡು ಅತ್ತಳು. ನನ್ನ ಕರವಸ್ತ್ರದಿಂದ ನಾನೇ ಒರೆಸಿದೆ, ಎಡಗೈಯಲ್ಲಿ.

ಮನೆಯಲ್ಲಿ ಹೇಳಿದೆ. ಅವನ ಹೆಂಡತಿ ಕಿವಿಗೆ ಹಾಕಿದ್ದ ಫೋನಿನ ತಂತಿ ತೆಗೆದಿಟ್ಟು, ಎದ್ದು ಬಂದು ನನ್ನನ್ನು ತಬ್ಬಿಕೊಂಡಳು. ಅವಳ ಕುರ್ಚಿಯ ಕುಂಟು ಕಾಲು ಟಕ್ಕೆಂದಿತು. ಅದಕ್ಕೊಂದು ಬಿರಡೆ ಹಾಕಿಸಬೇಕು ಎಂದು ತಮ್ಮ ಹೇಳಿದ.

ಮೇ ೬

ಬಹಳ ದಿನ ಬರೆದಿಲ್ಲ. ಹೊತ್ತು ಸಿಗಲಿಲ್ಲ.

ಪಾಠದ ವಿಭಾಗದಲ್ಲಿ ಇವತ್ತು ಮೊದಲ ತರಗತಿ. ಉದ್ದದ ಕೋಣೆ, ಸಾಲು ಸಾಲು ಬೆಂಚು, ಪ್ರತಿ ಬೆಂಚಿಗೂ ಒಂದು ನಲ್ಲಿ, ಅರ್ಧಕ್ಕರ್ಧ ನಲ್ಲಿ ಸೋರುತ್ತವೆ. ಮಾಡಿ ತೋರಿಸಲು ನನ್ನ ಕೈ ಬರುವುದಿಲ್ಲವಾದ್ದರಿಂದ ಬಾಯಲ್ಲೇ ಹೇಳಿದೆ: ಬೆರಳು ಎಲ್ಲಿಡಬೇಕು, ಉಸಿರು ಯಾವಾಗ ಹಿಡಿಯಬೇಕು, ಹನಿ ಬಿದ್ದ ಮೇಲೆ ಕೈ ಹೇಗೆ ಎತ್ತಬೇಕು. ಇಷ್ಟು ವರ್ಷ ಕೈ ತಾನಾಗಿ ಮಾಡುತ್ತಿದ್ದದ್ದಕ್ಕೆ ಇಷ್ಟೊಂದು ಮಾತಿದೆ ಎಂದು ನನಗೆ ಗೊತ್ತಿರಲಿಲ್ಲ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಹನಿ ಸರಿಯಾಗಿ ಬಿತ್ತೆಂದು ಕೂಗಿಯೇಬಿಟ್ಟಳು. ಪಿಂಜರಾಪೋಲು ಎಂಬ ಹೆಸರನ್ನು ಯಾರಿಗೂ ಹೇಳಬಾರದು ಎಂದುಕೊಂಡೆ.

ಸಂಜೆ ನಮ್ಮ ಮನೆಗೆ, ಎಂದರೆ ತಮ್ಮನ ಮನೆಗೆ, ಹೊರಟು ಬಸ್ ನಿಲ್ದಾಣದಲ್ಲಿ ನಿಂತಿದ್ದೆ. ಹುಡುಗಿಗೆ ಒಂದು ಮಾತು ಹೇಳುವುದು ಉಳಿದೇಹೋಗಿದೆ ಎಂದು ಇದ್ದಕ್ಕಿದ್ದಂತೆ ಹೊಳೆಯಿತು. ಬೈದಿದ್ದೇನೆ, ನಕ್ಕಿದ್ದೇನೆ, ಕಣ್ಣೊರೆಸಿದ್ದೇನೆ. ನಿನ್ನಿಂದ ನನ್ನ ಕೆಲಸ ಉಳಿಯಿತು, ನಿನ್ನ ಉಪಕಾರ ನಾನು ಮರೆಯುವುದಿಲ್ಲ ಎಂದು ಬಾಯಿಬಿಟ್ಟು ಹೇಳಿಯೇ ಇಲ್ಲ. ಅಲ್ಲೇ ನಿಂತು ಫೋನ್ ಮಾಡಿದೆ. ಮೊದಲ ಸಲ ಎತ್ತಲಿಲ್ಲ. ಎರಡನೇ ಸಲ ಎತ್ತಿದಳು. ಹಿಂದೆ ಯಂತ್ರ ತಿರುಗುವ ಸದ್ದು.

"ನೋಡು, ನಿನಗೆ ಒಂದು ಮಾತು..." ಎಂದೆ.

"ಮೇಡಂ, ಕೈಯಲ್ಲಿ ಕೆಲ್ಸ ಇದೆ, ಆಮೇಲೆ ಮಾಡ್ತೀನಿ" ಎಂದು ಇಟ್ಟೇಬಿಟ್ಟಳು.

ಇಷ್ಟು ವರ್ಷ ತಮ್ಮನಿಗೆ, ಅವನ ಹೆಂಡತಿಗೆ, ಹಬ್ಬಕ್ಕೆ ಕರೆದವರಿಗೆ, ಜ್ವರ ಬಂತೆಂದು ಹೇಳಲು ಫೋನ್ ಮಾಡಿದವರಿಗೆ, ಎಲ್ಲರಿಗೂ ನಾನು ಹೇಳಿ ಇಡುತ್ತಿದ್ದ ಮಾತು ಅದು. ಕೇಳಿಸಿಕೊಳ್ಳುವವರ ಕಡೆ 'ಟಕ್' ಎಂದು ಹೀಗೆ ಕೇಳುತ್ತದೆಂದು ಇವತ್ತು ಗೊತ್ತಾಯಿತು. ಅವರೆಲ್ಲ ನನ್ನನ್ನು ಹೇಗೆ ಸಹಿಸಿದರೋ. ಆದರೂ ಆ ಹುಡುಗಿಯ ದನಿಯಲ್ಲಿ ಆ ಮಾತು ಕೇಳಿ ನನಗಾದ ಸಂತೋಷವನ್ನು ಯಾರಿಗೂ ವಿವರಿಸಲಾರೆ. ನನ್ನ ಕೋಣೆಯಲ್ಲಿ ದೀಪ ಉರಿಯುತ್ತಿದೆ, ಕೈಯಲ್ಲಿ ಕೆಲಸವಿದೆ, ಅದು ನನ್ನ ಕೈಯಲ್ಲ, ಪರವಾಗಿಲ್ಲ.

ಬಸ್ಸು ಬಂತು. ಕೂತ ಮೇಲೆ ತಮ್ಮನ ಹೆಂಡತಿಗೆ ಫೋನ್ ಮಾಡಿದೆ, ಏನಾದರೂ ತರಬೇಕಾ ಎಂದು ಕೇಳಲು. "ಏನೂ ಬೇಡ ಅಕ್ಕ, ಬೇಗ ಬನ್ನಿ" ಎಂದಳು. ಬರುತ್ತಿದ್ದೇನೆ ಎಂದೆ.